ತಪ್ಪಿದ ಮೂರನೆಯ ಸಾಲು

ಆ ಬೀದಿಯ ಗಂಡಸರು ಕ್ಷೌರಿಕನ ಅಂಗಡಿಗೆ ಹೋಗುತ್ತಿದ್ದುದು ಕೂದಲು ಬೆಳೆದಿದೆ ಎಂದಲ್ಲ, ಅವನ ಮಾತು ಕೇಳಿ ಬಹಳ ದಿನವಾಯಿತು ಎಂದು. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಕಾಯುವವರಿಗೊಂದು ಬೆಂಚು, ಇಷ್ಟೇ ಅಂಗಡಿ. ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಸುತ್ತಿದನೆಂದರೆ ಅವನ ಬಾಯಿ ಶುರುವಾಗುತ್ತಿತ್ತು. ಒಬ್ಬರ ಗಡ್ಡ ಮುಗಿಯುವಷ್ಟರಲ್ಲಿ ಯಾರದೋ ಮನೆಯ ಜಗಳ, ಇನ್ಯಾರದೋ ಮದುವೆಯ ಮಾತುಕತೆ, ನಡುವೆ ಒಂದು ಹಾಡು. ಭಾನುವಾರ ಅದೇ ಗಂಟಲು ಚರ್ಚಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹಾಡು ಎತ್ತಿಕೊಳ್ಳುತ್ತಿತ್ತು. ಅವನು ಎತ್ತಿಕೊಟ್ಟರೆ ಸಭೆಯೆಲ್ಲ ಹಿಂದೆಯೇ ಬರುತ್ತಿತ್ತು, ಎಂಜಿನ್ನಿನ ಹಿಂದೆ ಬೋಗಿಗಳು ಬಂದ ಹಾಗೆ.

ಅವನ ಹೆಂಡತಿ ಮಾತಿನಲ್ಲಿ ಜಿಪುಣಿ. 'ಹೂಂ', 'ಊಹೂಂ'ಗಳಲ್ಲೇ ಇಷ್ಟು ವರ್ಷದ ಸಂಸಾರ ತೂಗಿಸಿದವಳು. ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಹಿಂದಿನ ಕೋಣೆಯಲ್ಲಿ ಟವೆಲುಗಳನ್ನು ಕುದಿಸಿ, ಒಗೆದು, ಮಡಿಸಿಡುವುದು ಅವಳ ಕೆಲಸ. ಚರ್ಚಿನಲ್ಲಿ ಅತ್ತೆಯ ಪಕ್ಕ ಕುಳಿತು ಬರೀ ತುಟಿ ಆಡಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಬಾಯಿಬಿಟ್ಟು ಹಾಡಿದ್ದಳು. ಮನೆಗೆ ಬಂದ ಮೇಲೆ ಗಂಡ ನಗುತ್ತಾ, "ನಿನ್ನ ಹಾಡು ದೇವರಿಗೆ ಇಷ್ಟ ಆಗಿರತ್ತೆ ಕಣೇ, ಆತ ಕರುಣಾಮಯ. ಪಕ್ಕದವರು ಬರೀ ಮನುಷ್ಯರು ನೋಡು" ಎಂದಿದ್ದ. ಅವಳಿಗೂ ನಗು ಬಂದಿತ್ತು. ಅಲ್ಲಿಂದಾಚೆಗೆ ಹಾಡುವುದು ಅವನ ಪಾಲು, ತುಟಿ ಆಡಿಸುವುದು ಅವಳ ಪಾಲು ಎಂದು ತಾನಾಗಿಯೇ ತೀರ್ಮಾನವಾಗಿಹೋಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಗಿರಾಕಿಯೊಬ್ಬನ ಕೆನ್ನೆಗೆ ಸೋಪು ಹಚ್ಚಿ, ಅರ್ಧ ಮುಖ ಕ್ಷೌರ ಮಾಡಿ, ತಮಾಷೆಯೊಂದನ್ನು ಇನ್ನೇನು ಮುಗಿಸಬೇಕು ಎನ್ನುವಾಗ ಅವನ ಮಾತು ನಿಂತಿತು. ನಗಲು ಕಾದು ಕುಳಿತಿದ್ದ ಗಿರಾಕಿ ಕನ್ನಡಿಯಲ್ಲಿ ನೋಡಿದ. ಕ್ಷೌರಿಕನ ಬಾಯಿ ಒಂದು ಕಡೆಗೆ ವಾಲಿತ್ತು, ಕೈಯಿಂದ ಕತ್ತಿ ಜಾರಿ ನೆಲಕ್ಕೆ ಬಿದ್ದಿತ್ತು. ಆ ಪುಣ್ಯಾತ್ಮ ಅರ್ಧ ಗಡ್ಡ, ಅರ್ಧ ನೊರೆಯಲ್ಲೇ ಅವನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದ. ಹಿಂದಿನ ಕೋಣೆಯಿಂದ ಒದ್ದೆ ಕೈಯಲ್ಲೇ ಓಡಿಬಂದ ಹೆಂಡತಿ ಅವರ ಹಿಂದೆ ಓಡಿದಳು.

ಜೀವ ಉಳಿಯಿತು. ಆದರೆ ಪಾರ್ಶ್ವವಾಯು ಬಲಗೈಯನ್ನೂ ಮಾತನ್ನೂ ಕಿತ್ತುಕೊಂಡಿತ್ತು. ಮಾತೆಂದರೆ ಪೂರ್ತಿ ಹೋಗಿರಲಿಲ್ಲ, ಒಂದೇ ಒಂದು ಪದ ಉಳಿದಿತ್ತು: "ಅದೇ." ನೀರು ಬೇಕಾ ಎಂದರೆ "ಅದೇ". ನೋವಾ ಎಂದರೆ "ಅದೇ". ಬೇರೇನೋ ಹೇಳಹೊರಟು ಮತ್ತೆ ಅದೇ ಪದ ಬಂದಾಗ ಅವನು ತನ್ನ ಬಾಯಿಯ ಮೇಲೇ ಸಿಟ್ಟಾಗಿ ಎಡಗೈಯಿಂದ ಮಂಚಕ್ಕೆ ಗುದ್ದುತ್ತಿದ್ದ.

ಮನೆಗೆ ಬಂದ ಮೇಲೆ ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಸಭೆಯವರು ನೋಡಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ದಿನವೂ ಸಂಜೆ ಊಟಕ್ಕೆ ಮೊದಲು ಆ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಅವನದೇ ಹಾಡು, ಅವನದೇ ಓದು. ಹಿಂತಿರುಗಿದ ಮೊದಲ ಸಂಜೆ ಹೆಂಡತಿ ಮಾತಿಲ್ಲದೆ ತಟ್ಟೆ ತಂದಿಟ್ಟಾಗ ಅತ್ತೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ವಯಸ್ಸಾದ ಹೆಂಗಸು, ಕಿವಿ ಮಂದ, ನಾಲಿಗೆ ಮಾತ್ರ ಹರಿತ.

"ಪ್ರಾರ್ಥನೆ ಆಯ್ತಾ?"

"ಯಾರು ಮಾಡ್ತಾರೆ ಅತ್ತೆ?"

"ನಂಗೆ ಹಾಡೋಕೆ ಉಸಿರಿಲ್ಲ. ಅವನಿಗೆ ಮಾತಿಲ್ಲ. ಇನ್ನುಳಿದಿದ್ದು ಯಾರು, ನೀನೇ ಹೇಳು."

"ನಂಗೆ ಬರಲ್ಲ."

"ಬರದೇ ಇದ್ರೆ ಬರೋ ಅಷ್ಟು ಮಾಡು. ಹಾಡಿಲ್ದೆ ನಾನು ಊಟ ಮುಟ್ಟಲ್ಲ. ಹಸಿವಿಂದ ಸತ್ರೆ ಪಾಸ್ಟರ್‌ಗೆ ನೀನೇ ಉತ್ತರ ಹೇಳ್ಕೋ."

ಬೇರೆ ದಾರಿಯಿರಲಿಲ್ಲ. ಅವಳು ಹಾಡುಪುಸ್ತಕ ತೆರೆದು, ಗಂಡನಿಗೆ ಪ್ರಿಯವಾದ ಹಾಡನ್ನೇ ಹಿಡಿದಳು. 'ಬೆಳಗು ಮೂಡುವ ಮುನ್ನವೇ ನೀ ಬಾಗಿಲಲ್ಲಿ ನಿಂತಿರುವೆ, ಕಾಯುವ ನನ್ನ ಕರ್ತನೇ ಕೈಯ ಹಿಡಿದು ನಡೆಸುವೆ' ಎಂಬಲ್ಲಿಯವರೆಗೆ ಹೇಗೋ ಕುಂಟುತ್ತ ಬಂದಳು. ಮೂರನೆಯ ಸಾಲು 'ಕತ್ತಲೆ ನನ್ನ ಮನೆಯಲಿ, ದೀಪ ನಿನ್ನ ಕೈಯಲಿ' ಎಂದು ಮೇಲಕ್ಕೆ ಏರಬೇಕು. ಅವಳ ದನಿ ಅಲ್ಲಿ ಏರುವ ಬದಲು ಜಾರಿತು, ಪದಗಳೂ ಅದಲುಬದಲಾದವು. 'ದೀಪ ನನ್ನ ಮನೆಯಲಿ, ಕತ್ತಲೆ ನಿನ್ನ ಕೈಯಲಿ' ಎಂದು ಹಾಡಿಬಿಟ್ಟಳು.

"ದೇವರ ಕೈಗೆ ಕತ್ತಲೆ ಕೊಟ್ಟೆಯಲ್ಲೇ ಮಹಾತಾಯಿ!" ಎಂದಳು ಅತ್ತೆ. "ಇರ್ಲಿ, ಆಮೆನ್. ಬಡಿಸು."

ಗೋಡೆಯ ಕಡೆ ತಿರುಗಿದ್ದವನು ಅಲುಗಲಿಲ್ಲ.

ಮರುದಿನ ಹಿಂದಿನ ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದ ಟವೆಲುಗಳನ್ನು ಒಗೆಯುತ್ತಾ ಅವಳು ದೇವರನ್ನು ತರಾಟೆಗೆ ತೆಗೆದುಕೊಂಡಳು. "ನನ್ನ ಬಾಯಿ ಉಪಯೋಗ ಇಲ್ದೆ ಸುಮ್ನೆ ಬಿದ್ದಿತ್ತಲ್ಲ ಸ್ವಾಮಿ. ಅದನ್ನ ತಗೋಬಾರದಾಗಿತ್ತಾ? ನಿನ್ನನ್ನ ಬಾಯ್ತುಂಬ ಕೊಂಡಾಡೋ ಬಾಯೇ ಬೇಕಿತ್ತಾ ನಿಂಗೆ?" ಜೀವಮಾನದಲ್ಲಿ ದೇವರ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಟವೆಲು ಹಿಂಡಿ ಹಗ್ಗಕ್ಕೆ ಹಾಕಿದಳು, ಸಂಜೆ ಮತ್ತೆ ಹಾಡಿದಳು. ಮೂರನೆಯ ಸಾಲಿನಲ್ಲಿ ಮತ್ತೆ ಕತ್ತಲೆಯೂ ದೀಪವೂ ಅದಲುಬದಲಾದವು. ದಿನವೂ ಹಾಡುವುದು, ದಿನವೂ ಅಲ್ಲೇ ಎಡವುವುದು ರೂಢಿಯಾಯಿತು. ಹಾಡು ಶುರುವಾದರೆ ಪಕ್ಕದ ಮನೆಯ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಆದರೂ ಬಿಡಲು ಒಪ್ಪುತ್ತಿರಲಿಲ್ಲ.

ಮುಚ್ಚಿದ ಅಂಗಡಿಯ ಬಾಗಿಲನ್ನು ಒಂದು ದಿನ ಪಾಸ್ಟರ್ ಬಂದು ತಟ್ಟಿದರು.

"ಬಾಗಿಲು ತೆಗಿ ತಂಗಿ. ಕೂದಲು ಕತ್ತರಿಸ್ಕೋಬೇಕು."

"ಅವರು ಮಲಗಿದ್ದಾರಲ್ಲ ಪಾಸ್ಟರ್."

"ನೀನಿದ್ದೀಯಲ್ಲ. ಇಷ್ಟು ವರ್ಷ ನೋಡ್ತಾ ಬಂದಿದ್ದೀಯ."

"ನೋಡಿದ್ದೀನಿ, ಕತ್ತರಿ ಹಿಡಿದಿಲ್ಲ. ನಿಮ್ಮ ತಲೆ ಹಾಳಾಗತ್ತೆ."

"ಒಳಗಿರೋದು ಹಾಳಾಗದಿದ್ರೆ ಸಾಕು, ಹೊರಗಿಂದು ಮತ್ತೆ ಬೆಳೆಯತ್ತೆ" ಎಂದು ಅವರು ಕುರ್ಚಿಯಲ್ಲಿ ಕುಳಿತು, ಬಿಳಿ ಬಟ್ಟೆಯನ್ನು ತಾವೇ ಕೊರಳಿಗೆ ಸುತ್ತಿಕೊಂಡರು.

ಅವಳು ಬಾಚಣಿಗೆ, ಕತ್ತರಿ ತೆಗೆದುಕೊಂಡಳು. ಎಡಗಡೆ ಒಂದಿಷ್ಟು ಕತ್ತರಿಸಿದಳು. ಬಲಗಡೆ ಉದ್ದವಾಗಿ ಕಂಡಿತು. ಬಲಗಡೆ ಕತ್ತರಿಸಿದಳು, ಎಡಗಡೆ ಉದ್ದವಾಯಿತು. ಬೆಕ್ಕುಗಳಿಗೆ ರೊಟ್ಟಿ ಹಂಚಿದ ಕೋತಿಯ ಹಾಗೆ ಅತ್ತಿಂದಿತ್ತ ಸಮ ಮಾಡುತ್ತ ಹೋಗಿ, ಕೊನೆಗೆ ಸಮ ಮಾಡಲು ಕೂದಲೇ ಉಳಿಯುವುದಿಲ್ಲ ಎನಿಸಿದಾಗ ನಿಲ್ಲಿಸಿದಳು. ಪಾಸ್ಟರ್ ಕನ್ನಡಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಕಿವಿ ಎರಡೂ ಇವೆ, ದೇವರಿಗೆ ಸ್ತೋತ್ರ" ಎಂದರು. ಆಸ್ಪತ್ರೆಗೆ ಹೋದಂದಿನಿಂದ ಅವಳು ಮೊದಲ ಬಾರಿಗೆ ನಕ್ಕಳು.

ಆ ಭಾನುವಾರ ಅವರು ವಾರದ ಬೋಧನೆಯ ಪ್ರಸಂಗಕ್ಕೆ ನಿಂತಾಗ ಸಭೆಯಲ್ಲಿ ಗುಸುಗುಸು. "ಇವತ್ತಿನ ವಿಷಯ ತಾಳ್ಮೆ" ಎಂದರು ಪಾಸ್ಟರ್. "ಉದಾಹರಣೆ ನನ್ನ ತಲೆ ಮೇಲಿದೆ. ಆದ್ರೆ ನಾನೊಬ್ಬನೇ ಹೀಗೆ ಓಡಾಡೋದು ನ್ಯಾಯ ಅಲ್ಲ. ಗಂಡಸರೆಲ್ಲ ಈ ವಾರ ಅಂಗಡಿಗೆ ಹೋಗಿ ಬನ್ನಿ." ಗಂಡಸರು ನಗುತ್ತ ಒಪ್ಪಿದರು, ಕುರ್ಚಿಯಲ್ಲಿ ಕುಳಿತ ಮೇಲೆ ಮಾತ್ರ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿಕೊಂಡರು. ಅರ್ಧ ಗಡ್ಡದಲ್ಲಿ ಓಡಿದ್ದ ಗಿರಾಕಿಯೂ ಬಂದ. ಬರಬರುತ್ತಾ ಅವಳ ಕೈ ಪಳಗಿತು; ತಲೆಗಳು ತಲೆಯ ಹಾಗೆ ಕಾಣತೊಡಗಿದವು.

ಆದರೂ ಆ ಭಾನುವಾರಗಳು ಸುಲಭವಾಗಿರಲಿಲ್ಲ. ಗಂಡ ಬರಲು ಒಪ್ಪುತ್ತಿರಲಿಲ್ಲ. ಅವನಿಲ್ಲದ ಸಭೆಯಲ್ಲಿ ಒಬ್ಬರು ಒಂದು ಶ್ರುತಿ, ಮತ್ತೊಬ್ಬರು ಇನ್ನೊಂದು. ಒಮ್ಮೆ ಚರ್ಚಿನ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಅವಳ ಕೈ ಹಿಡಿದು, "ಮನೇಲಿ ಏನಾದ್ರೂ ಮುಚ್ಚಿಟ್ಟ ಪಾಪ ಇದ್ರೆ ಅರಿಕೆ ಮಾಡ್ಕೊಳ್ಳಿ. ಗುಣ ಆಗತ್ತೆ" ಎಂದಳು. ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು.

ಯಾವ ಮಾತೂ ಸರಿಯಾಗಿ ಕೇಳಿಸದ ಅತ್ತೆಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. "ಇದೆಯಮ್ಮಾ, ಪಾಪ ಇದೆ" ಎಂದಳು ಗಟ್ಟಿಯಾಗಿ. "ನಿನ್ನ ಗಂಡನ ಬೋಳು ತಲೆಗೂ ನನ್ನ ಮಗ ಪೂರಾ ದುಡ್ಡು ಇಸ್ಕೊಳ್ತಿದ್ದ. ಅದೊಂದೇ."

ಮೆಟ್ಟಿಲಿನ ಮೇಲಿದ್ದವರೆಲ್ಲ ಗೊಳ್ಳೆಂದರು. ಸೊಸೆ ಮನೆಯವರೆಗೂ ಅತ್ತೆಯ ಕೈ ಬಿಡಲಿಲ್ಲ.

ಹೀಗೆ ಹೋಗುತ್ತಿರಲು ಒಂದು ಸಂಜೆ ಎಂದಿನಂತೆ ಹಾಡು ಶುರುವಾಯಿತು. ಆ ದಿನ ಅಂಗಡಿಯಲ್ಲಿ ನಿಂತು ನಿಂತು ಅವಳಿಗೆ ಸಾಕಾಗಿತ್ತು, ದನಿ ಇನ್ನಷ್ಟು ಒಡೆದಿತ್ತು. ಮೊದಲ ಸಾಲು, ಎರಡನೆಯ ಸಾಲು ದಾಟಿ ಮೂರನೆಯದಕ್ಕೆ ಬಂದು, 'ದೀಪ ನನ್ನ ಮನೆಯಲಿ' ಎಂದು ಕೆಳಕ್ಕೆ ಜಾರಿದ್ದೇ ತಡ, ಮಂಚಕ್ಕೆ ಎಡಗೈಯಿಂದ ಬಡಿದ ಸದ್ದಾಯಿತು. ಗಂಡ ಗೋಡೆ ಬಿಟ್ಟು ಈ ಕಡೆ ತಿರುಗಿದ್ದ. ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಹಾಡು ಕೆಡಿಸಿದವರನ್ನು ಅವನು ಮೊದಲು ನೋಡುತ್ತಿದ್ದುದೂ ಹಾಗೆಯೇ. ಬಾಯಿ ತೆರೆದ.

'ಕತ್ತಲೆ ನನ್ನ ಮನೆಯಲಿ,' ಎಂದು ಹಾಡಿದ. 'ದೀಪ ನಿನ್ನ ಕೈಯಲಿ!'

ಒಂದೊಂದು ಪದವೂ ಸ್ಪಷ್ಟ. ಏರಬೇಕಾದಲ್ಲಿ ಏರಿ, ನಿಲ್ಲಬೇಕಾದಲ್ಲಿ ನಿಂತು, ಮೂರನೆಯ ಸಾಲು ಸೂರಿನವರೆಗೆ ಹೋಗಿ ಬಂತು.

ಹೆಂಡತಿಯ ಕೈಯಿಂದ ಪುಸ್ತಕ ಬಿತ್ತು. "ಏನಂದ್ರಿ? ರೀ, ಏನಂದ್ರಿ ಈಗ?"

ಅವನೂ ಬೆಚ್ಚಿದ್ದ. ಹೇಳಲು ಹೋದ. "ಅದೇ... ಅದೇ..."

"ಅಯ್ಯೋ, ಮಾತಾಡಿಸ್ಬೇಡ ಕಣೇ!" ಅತ್ತೆ ಕುಳಿತಲ್ಲಿಂದಲೇ ಕೂಗಿದಳು. "ಹಾಡು! ಇನ್ನೊಂದ್ಸಲ ತಪ್ಪಾಗಿ ಹಾಡು!"

ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದು ಸರಿಯಾಗಿಯೂ ಹಾಡಲಾಗದೆ ತಪ್ಪಾಗಿಯೂ ಹಾಡಲಾಗದೆ ಒದ್ದಾಡಿದಳು. ಹೇಗೋ ಮೊದಲ ಸಾಲು ಹಿಡಿದಳು. ಅವನು ಕೂಡಿಕೊಂಡ. ಎರಡನೆಯ ಸಾಲು, ಮೂರನೆಯದು, ನಾಲ್ಕನೆಯದು, ಚರಣ ಮುಗಿದು ಮುಂದಿನ ಚರಣ. ಹಾಡು ನಡೆಯುವಷ್ಟು ಹೊತ್ತು ಅವನ ಬಾಯಲ್ಲಿ ಪದಗಳು ಸಾಲುಸಾಲಾಗಿ ಬಂದವು. ನಿಂತೊಡನೆ ಮತ್ತೆ 'ಅದೇ'. ಹಾಗಾದರೆ ನಿಲ್ಲಿಸುವುದೇ ಬೇಡ ಎಂದು, ಉಸಿರಿಲ್ಲ ಎನ್ನುತ್ತಿದ್ದ ಅತ್ತೆಯೂ ಸೇರಿ, ಮೂವರೂ ಗೊತ್ತಿದ್ದ ಹಾಡನ್ನೆಲ್ಲ ಹಾಡಿದರು. ಹಾಡಿಲ್ಲದೆ ಊಟ ಮುಟ್ಟದ ಅತ್ತೆ ಆ ದಿನ ಹಾಡಿನಿಂದಾಗಿ ಊಟ ಮರೆತಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಮುಂದಿನ ಸಲ ಹೋದಾಗ ಹೆಂಡತಿ ಉಸಿರು ಬಿಡದೆ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿಗೆ ಖುಷಿಯಾಯಿತು, ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಹೀಗಾಗತ್ತೆ ಅಮ್ಮ. ಮಾತು ಹುಟ್ಟೋ ಜಾಗಕ್ಕೆ ಏಟು ಬಿದ್ದಿದೆ. ಹಾಡು ಬರೋ ದಾರಿ ಬೇರೆ, ಅದು ಉಳ್ಕೊಂಡಿದೆ. ಈಗ ನಾವು ಮಾತನ್ನ ಆ ದಾರೀಲಿ ಕಳಿಸಿ ನೋಡೋಣ."

"ಅಂದ್ರೆ?"

"ಏನು ಕೇಳಬೇಕಿದ್ರೂ ರಾಗದಲ್ಲಿ ಕೇಳಿ. ಅವರೂ ರಾಗದಲ್ಲೇ ಹೇಳ್ಲಿ. ಪೂರ್ತಿ ಮೊದಲಿನ ಹಾಗೆ ಆಗತ್ತೆ ಅಂತ ನಾನು ಹೇಳಲ್ಲ. ಆದ್ರೆ ಒಂದಿಷ್ಟು ಬರತ್ತೆ."

ಒಂದಿಷ್ಟು ಎಂಬುದು ಅವಳಿಗೆ ನಿಧಿ ಸಿಕ್ಕಷ್ಟಾಯಿತು. ಆದರೆ ಇನ್ನೊಂದು ಚಿಂತೆ ಹುಟ್ಟಿತು. ಅವಳಿಗೆ ಗೊತ್ತಿದ್ದ ರಾಗಗಳೆಲ್ಲ ಸ್ತೋತ್ರಗೀತೆಗಳವು. ದೇವರ ರಾಗಕ್ಕೆ ಬಚ್ಚಲ ಮಾತು ಕೂರಿಸಬಹುದೇ? ಪಾಸ್ಟರ್ ಮನೆಗೆ ಬಂದಾಗ ಸಂಕೋಚದಿಂದಲೇ ಕೇಳಿದಳು.

"ಸ್ನಾನದ ಬಿಸಿನೀರನ್ನ ಕೊಟ್ಟಿದ್ದು ಯಾರು ತಂಗಿ?"

"ದೇವರು."

"ಮತ್ತೆ? ಆತನ ನೀರಿಗೆ ಆತನ ರಾಗ. ನೀನು ಶ್ರುತಿ ತಪ್ಪದೆ ಕೇಳು, ಆತ ಬೇಸರ ಮಾಡ್ಕೊಳ್ಳಲ್ಲ. ತಪ್ಪಿದ್ರೂ ಆತನಿಗೆ ಈಗ ಅಭ್ಯಾಸ ಆಗಿದೆ."

ಹೀಗೆ ಆ ಮನೆಯಲ್ಲಿ ದಿನವಿಡೀ ಆರಾಧನೆ ಶುರುವಾಯಿತು. ಬೆಳಿಗ್ಗೆ 'ಟೀ ಬೇಕಾ ನಿಮಗೆ' ಎಂಬುದು ಪ್ರಭಾತಗೀತೆಯ ಧಾಟಿಯಲ್ಲಿ. 'ಕಾಲು ನೀಡಿ, ಚಪ್ಪಲಿ ಹಾಕ್ತೀನಿ' ಎಂಬುದು ಜಯಗೀತೆಯ ಧಾಟಿಯಲ್ಲಿ. ಅತ್ತೆಗೆ ಕಿವಿ ಸರಿಯಾಗಿ ಕೇಳದ ಕಾರಣ ಅವಳು ತನ್ನದೇ ಬೇರೆ ರಾಗ ಹಿಡಿದು ನಡುವೆ ಸೇರಿಕೊಳ್ಳುತ್ತಿದ್ದಳು. ಗಂಡ ಮೊದಮೊದಲು ಮುಖ ಸಿಂಡರಿಸಿದ. ಆಮೇಲೆ ಹೆಂಡತಿ ಹಾಡಿದ್ದನ್ನೇ ತಿರುಗಿ ಹಾಡತೊಡಗಿದ. 'ಟೀ... ಬೇಕು... ನನಗೆ.' ಪದಗಳು ಹೊಸ ಚಪ್ಪಲಿ ಮೆಟ್ಟಿದವರಂತೆ ತಡವರಿಸುತ್ತ ಬಂದವು. ಕೆಲವು ದಿನ ಬರುತ್ತಲೇ ಇರಲಿಲ್ಲ. ಅಂಥ ದಿನ ಅವನು ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದ, ಅವಳು ಹಿಂದಿನ ಕೋಣೆಗೆ ಹೋಗಿ ಟವೆಲು ಕುದಿಸುತ್ತಾ ದೇವರ ಜೊತೆ ಉದ್ದುದ್ದ ಮಾತಾಡುತ್ತಿದ್ದಳು. ಸಂಜೆಯ ಹಾಡು ಮಾತ್ರ ಯಾವ ದಿನವೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ನಿಲ್ಲಿಸಿದ. ಯಾರೂ ಹೇಳಿಕೊಡದೆ, ತಾನಾಗಿಯೇ, ನಿಧಾನವಾಗಿ ಹಾಡಿದ: 'ಉಪ್ಪು... ಜಾಸ್ತಿ... ಆಗಿದೆ.'

ಹೆಂಡತಿ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದಳು. "ಉಪ್ಪು ಜಾಸ್ತಿ ಅಂದ್ರು!" ಎಂದು ಎದುರು ಮನೆಯವರಿಗೆ ಹೇಳಿದಳು. "ನನ್ನ ಅಡುಗೇಲಿ ಉಪ್ಪು ಜಾಸ್ತಿ ಅಂದ್ರು ಕಣ್ರೀ! ಅವರೇ ಅಂದ್ರು!" ಅಡುಗೆ ಕೆಟ್ಟಿತೆಂದು ಅಷ್ಟು ಸಂಭ್ರಮಪಟ್ಟ ಹೆಂಗಸನ್ನು ಆ ಬೀದಿ ನೋಡಿರಲಿಲ್ಲ. ಮದುವೆಯಾಗಿ ದೂರದ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಿದರು. ಅವಳು ಅತ್ತು ಮುಗಿಸಿದ ಮೇಲೆ, "ಅಪ್ಪಾ, ಅಮ್ಮನ ಕೈಯಡುಗೇಲಿ ಯಾವತ್ತು ಉಪ್ಪು ಕಮ್ಮಿ ಇತ್ತು?" ಎಂದು ಅವಳೂ ರಾಗದಲ್ಲೇ ಕೇಳಿದಳು.

ಆ ಶನಿವಾರ ಅವನು ಚರ್ಚಿಗೆ ಹಾಕುವ ಬಿಳಿ ಅಂಗಿಯನ್ನು ಎಡಗೈಯಲ್ಲಿ ತೋರಿಸಿ, 'ನಾಳೆ ನಾನೂ ಬರ್ತೀನಿ' ಎಂದು ಹಾಡಿದ. ಅವಳು ಮರುಮಾತಾಡದೆ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾನೋ ಎಂದು ಕಾಲರಿನ ಗುಂಡಿಗಳನ್ನು ಅಂದೇ ಬಿಚ್ಚಿಟ್ಟಳು.

ಚರ್ಚಿನಲ್ಲಿ ಅವನು ಮುಂದಕ್ಕೆ ಹೋಗಲಿಲ್ಲ. ಕೋಲೂರಿಕೊಂಡು ಬಂದು ಹೆಂಡತಿಯ ಬೆಂಚಿನಲ್ಲಿ, ಅವಳಿಗೂ ಅಮ್ಮನಿಗೂ ನಡುವೆ ಕುಳಿತ. ಮದುವೆಯ ದಿನ ಬಿಟ್ಟರೆ ಆ ಕಟ್ಟಡದೊಳಗೆ ಇಬ್ಬರೂ ಪಕ್ಕಪಕ್ಕ ಕುಳಿತಿದ್ದು ಅಂದೇ. ಮೊದಲ ಹಾಡಿಗೆ ಎಲ್ಲರೂ ಎದ್ದು ನಿಂತರು. ಅವನು ಮೆಲ್ಲಗೆ ಹಾಡಿದ. ಮುಂದಿನ ಬೆಂಚಿನವರು ಹಿಂತಿರುಗಿ ನೋಡಿದರು. ಅವನು ನೋಡಿದ್ದು ಹೆಂಡತಿಯನ್ನು. ಅವಳು ತುಟಿ ಆಡಿಸುತ್ತಿರಲಿಲ್ಲ, ಗಟ್ಟಿಯಾಗಿ ಹಾಡುತ್ತಿದ್ದಳು. ಇಷ್ಟು ದಿನದ ಸಂಜೆಗಳು ಅವಳ ಸಂಕೋಚವನ್ನು ತಿಂದುಹಾಕಿದ್ದವು, ಶ್ರುತಿಯನ್ನೇನೂ ತಿದ್ದಿರಲಿಲ್ಲ. ಅವನು ಕಣ್ಣು ಮುಚ್ಚಿ ಸಹಿಸಿಕೊಂಡ.

ಪ್ರಸಂಗವಾದ ಮೇಲೆ, "ಯಾರಿಗಾದರೂ ಪ್ರಾರ್ಥನೆ ಮಾಡಬೇಕು ಅನಿಸಿದರೆ ಮಾಡಿ" ಎಂದರು ಪಾಸ್ಟರ್. ಕೋಲು ನೆಲಕ್ಕೆ ತಾಗಿದ ಸದ್ದಾಯಿತು. ಕ್ಷೌರಿಕ ಎದ್ದಿದ್ದ.

"ಅದೇ..." ಎಂದ. "ಅದೇ... ಅದೇ..." ಹಣೆಯ ಮೇಲೆ ಬೆವರೊಡೆಯಿತು. ಕೋಲನ್ನು ಬೆಂಚಿಗೆ ಒರಗಿಸಿ ಕುಳಿತುಬಿಡಲು ಹೊರಟ.

ಹೆಂಡತಿ ಪಕ್ಕದಲ್ಲಿ ಎದ್ದು ನಿಂತು ಅವನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದಾರೆಂಬುದು ಅವಳಿಗೆ ಗೊತ್ತಿತ್ತು. ಆದದ್ದಾಗಲಿ ಎಂದು ಒಬ್ಬಳೇ ಸಂಜೆಯ ಅದೇ ಹಾಡು ಎತ್ತಿಕೊಂಡಳು. ಎಲ್ಲಿಂದ ಎತ್ತಬೇಕೋ ಅಲ್ಲಿಂದಲ್ಲ, ಅದಕ್ಕಿಂತ ತುಂಬ ಮೇಲಿನಿಂದ. ಹಾಗೆಯೇ ಹೋದರೆ ಮೂರನೆಯ ಸಾಲು ಯಾವ ಗಂಟಲಿಗೂ ಎಟುಕುತ್ತಿರಲಿಲ್ಲ. ಅವನು ಸರಕ್ಕನೆ ಅವಳ ಕಡೆ ತಿರುಗಿ, ತಲೆ ಕೊಡವಿ, ಸರಿಯಾದ ಶ್ರುತಿಯಲ್ಲಿ ಮೊದಲಿನಿಂದ ಹಿಡಿದ. ಅವನ ಹಿಂದೆ ಸಭೆಯೆಲ್ಲ ಹಿಡಿಯಿತು. ಒಂದು ಚರಣ ಮುಗಿಯಿತು. ಎಲ್ಲರೂ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಅವನು ಎಡಗೈ ಎತ್ತಿ ತಡೆದ. ಅದೇ ರಾಗಕ್ಕೆ ಪುಸ್ತಕದಲ್ಲಿಲ್ಲದ ಮಾತು ಕೂರಿಸಿ, ಒಂದೊಂದನ್ನೇ ಹುಡುಕಿ ತೆಗೆದು ಹಾಡಿದ:

'ಕೈ ಹೋಯ್ತು ಕರ್ತನೇ... ಮಾತು ಹೋಯ್ತು... ಹಾಡು ಉಳೀತು... ಇವಳು ಬಿಡ್ಲಿಲ್ಲ... ನೀನೂ ಬಿಡ್ಲಿಲ್ಲ... ಸ್ತೋತ್ರ.'

ಹೆಂಡತಿ ತಲೆ ತಗ್ಗಿಸಿದಳು. ಸಭೆಯಲ್ಲಿ ಮೂಗೆಳೆದುಕೊಳ್ಳುವ ಸದ್ದು. ಮೆಟ್ಟಿಲ ಮೇಲೆ ಪಾಪದ ಮಾತೆತ್ತಿದ್ದ ಹೆಂಗಸೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನಂದ?" ಅತ್ತೆ ಪಕ್ಕದವರನ್ನು ಗಟ್ಟಿಯಾಗಿ ಕೇಳಿದಳು. ಪಕ್ಕದವರು ಅವಳ ಕಿವಿಯಲ್ಲಿ ಹೇಳಿದರು. "ಮತ್ತೆ ನಾನು? ಹೆತ್ತವಳ ಹೆಸರೇ ಇಲ್ವಾ?"

ಅತ್ತುಕೊಂಡಿದ್ದವರೆಲ್ಲ ನಕ್ಕುಬಿಟ್ಟರು. ಕ್ಷೌರಿಕನೂ ನಕ್ಕ, ವಾಲಿದ ಬಾಯಿಯ ತುಂಬ. 'ಅಮ್ಮ... ಕೂಡ...' ಎಂದು ಹಾಡಿ ಸೇರಿಸಿದ ಮೇಲೆಯೇ ಪಾಸ್ಟರಿಗೆ ಆಮೆನ್ ಹೇಳಲು ಸಾಧ್ಯವಾಯಿತು.

ಅವನ ಬಲಗೈ ಮತ್ತೆ ಕತ್ತರಿ ಹಿಡಿಯಲಿಲ್ಲ. ಮಾತು ಒಂದಿಷ್ಟು ಬಂತು, ಆ ಹುಡುಗಿ ಹೇಳಿದಷ್ಟೇ. ಸಣ್ಣ ಸಣ್ಣ ವಾಕ್ಯಗಳು, ಅವಸರವಾದರೆ ಈಗಲೂ ಸಿಕ್ಕಿಕೊಳ್ಳುತ್ತವೆ. ಅಂಗಡಿಯ ಕತ್ತರಿ ಹೆಂಡತಿಯ ಕೈಯಲ್ಲಿ ಉಳಿಯಿತು. ಎರಡನೆಯ ಕುರ್ಚಿ ಅವನದಾಯಿತು. ಅಲ್ಲಿ ಕುಳಿತು ಬಂದವರ ಮಾತು ಕೇಳುತ್ತಾನೆ. ಇಷ್ಟು ವರ್ಷ ಅವನ ಮಾತು ಕೇಳಿದವರಿಗೆ ಈಗ ತಮ್ಮ ಮಾತು ಹೇಳಿಕೊಳ್ಳಲು ಪುರಸೊತ್ತು ಸಿಕ್ಕಿದೆ. ಹೆಂಡತಿಯೋ, ಕಟ್ಟೆಯೊಡೆದಂತೆ ಮಾತಾಡುತ್ತಾಳೆ. ಒಬ್ಬರ ಕೂದಲು ಮುಗಿಯುವಷ್ಟರಲ್ಲಿ ಬೀದಿಯ ಸುದ್ದಿಯೆಲ್ಲ ಮುಗಿದಿರುತ್ತದೆ.

ಸಭೆಯ ಹಾಡುಗಾರರ ಅಭ್ಯಾಸ ಈಗ ನಡೆಯುವುದು ಆ ಅಂಗಡಿಯಲ್ಲೇ. ಚರ್ಚಿನವರೆಗೆ ವಾರದ ನಡುವೆ ನಡೆದು ಹೋಗುವುದು ಅವನಿಗೆ ಕಷ್ಟವೆಂದು ಅವರೇ ಇಲ್ಲಿಗೆ ಬರತೊಡಗಿದರು. ಬೆಂಚಿನ ಮೇಲೆ, ಕನ್ನಡಿಗೆದುರಾಗಿ, ಬಾಗಿಲ ಚೌಕಟ್ಟಿಗೆ ಒರಗಿ ಸಿಕ್ಕಲ್ಲಿ ನಿಲ್ಲುತ್ತಾರೆ. ಅವನು ಎಡಗೈಯಲ್ಲಿ ಬಾಚಣಿಗೆ ಹಿಡಿದು ತಾಳ ಹಾಕುತ್ತಾನೆ. ಯಾರೋ ಗಿರಾಕಿ, ಚರ್ಚಿನ ಮುಖ ನೋಡದವನು, ಕೊರಳಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರೆ ಅವನನ್ನೂ ಬಿಡುವುದಿಲ್ಲ. ಬಾಚಣಿಗೆ ಅವನ ಕಡೆಗೂ ತಿರುಗುತ್ತದೆ. ಮೊನ್ನೆ ಹಾಗೆ ಸಿಕ್ಕಿಬಿದ್ದ ಲಾರಿ ಡ್ರೈವರೊಬ್ಬನಿಗೆ ಒಳ್ಳೆಯ ಕಂಠವಿರುವುದು ಗೊತ್ತಾಯಿತು. ಕೂದಲು ಕತ್ತರಿಸಿ ಮುಗಿದ ಮೇಲೂ ಅವನು ಏಳಲಿಲ್ಲ.

"ಇನ್ನೊಂದ್ಸಲ ಹಾಡೋಣ್ವಾ?" ಎಂದ.

ಕ್ಷೌರಿಕ ಬಾಚಣಿಗೆ ಎತ್ತಿದ.